ಒಂದು ಉದ್ದ, ಎರಡು ಗಿಡ್ಡ

ದೆವ್ವ, ಗಾಳಿ, ಸೋಂಕಿನ ಮಾತು ಬಂದರೆ ನಾನು ಎದ್ದು ಹೋಗುವವನಲ್ಲ. ಕೂತು ಪೂರ್ತಿ ಕೇಳಿ ಕೊನೆಗೆ ನಗುವವನು. ನಮ್ಮಜ್ಜಿ ಕತೆ ಹೇಳುವಾಗಲೂ ಹಾಗೆ ನಕ್ಕು ಬೈಸಿಕೊಂಡಿದ್ದೇನೆ. ಮೂವತ್ತು ವರ್ಷ ಐಟಿಐನಲ್ಲಿ ಫಿಟ್ಟರ್ ಮೇಷ್ಟ್ರಾಗಿದ್ದವನು ನಾನು. ಕಬ್ಬಿಣದ ತುಂಡಿಗೆ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಬಾರದಂತೆ ಅರ ಹಾಕುವುದನ್ನು ಕಲಿಸುವುದೇ ನನ್ನ ಕೆಲಸವಾಗಿತ್ತು. ಅಳತೆಗೆ ಸಿಕ್ಕಿದ್ದು ಉಂಟು, ಸಿಗದ್ದು ಇಲ್ಲ. ಇಷ್ಟೇ ನನ್ನ ಶಾಸ್ತ್ರ. ಈಗ ಬರೆಯಲು ಹೊರಟಿರುವುದನ್ನು ಬೇರೆ ಯಾರಾದರೂ ಹೇಳಿದ್ದರೆ ಅವರನ್ನು ನೋಡಿಯೂ ನಗುತ್ತಿದ್ದೆ. ನೀವು ನಕ್ಕರೆ ನನಗೇನೂ ಬೇಸರವಿಲ್ಲ. ಆದರೆ ಹಗ್ಗ ಇದ್ದದ್ದು ನನ್ನ ಕೈಯಲ್ಲಿ, ಅದೊಂದು ನೆನಪಿರಲಿ.

ಮೂರು ವರ್ಷದ ಹಿಂದಿನ ಮಾತು. ನಿವೃತ್ತನಾಗಿ ಗುಂಡ್ಲುಪೇಟೆಯಲ್ಲಿ ಮನೆ ಮುಂದಿನ ನಾಲ್ಕು ನಿಂಬೆ ಗಿಡ ನೋಡಿಕೊಂಡು ಇದ್ದೆ. ಒಂದು ದಿನ ಮಮತ ಫೋನು ಮಾಡಿದಳು. ಅವಳು ನನ್ನ ಹಳೆಯ ವಿದ್ಯಾರ್ಥಿನಿ. ಒಂದು ತರಗತಿ ತುಂಬಾ ಹುಡುಗರ ನಡುವೆ ಒಬ್ಬಳೇ ಹುಡುಗಿಯಾಗಿ ಫಿಟ್ಟರ್ ಕಲಿತು, ಆಮೇಲೆ ಡಿಪ್ಲೊಮಾ ಮಾಡಿ, ಬದನಗುಪ್ಪೆಯ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೈಹತಾರಗಳ ವಿನ್ಯಾಸ ಮಾಡುವ ಕೆಲಸದಲ್ಲಿದ್ದಳು. ಅವಳ ಎಡಗೈಯಲ್ಲಿ ಯಾವಾಗಲೂ ಗಂಡಸರ ದೊಡ್ಡ ಗಡಿಯಾರ ಇರುತ್ತಿತ್ತು. ಅದು ತೀರಿಹೋದ ಅಪ್ಪನದು. ಚರ್ಮದ ಪಟ್ಟಿಯಲ್ಲಿ ಅಪ್ಪ ಹಾಕಿಕೊಳ್ಳುತ್ತಿದ್ದ ತೂತು ಹಿಗ್ಗಿ ಉದ್ದಕ್ಕಾಗಿತ್ತು. ತನ್ನ ಸಪೂರ ಕೈಗೆ ಬೇಕಾದ ತೂತನ್ನು ಅವಳು ನಮ್ಮ ಐಟಿಐ ವರ್ಕ್‌ಶಾಪಿನ ಪಂಚಿನಿಂದಲೇ ಹೊಡೆದುಕೊಂಡಿದ್ದಳು. ನಾನು ನೋಡಿಯೂ ನೋಡದವನಂತೆ ಇದ್ದೆ.

“ಸಾರ್, ಗಗನಯಾತ್ರಿಗಳು ಹೊರಗಡೆ ಬೋಲ್ಟ್ ಬಿಗಿಯೋಕೆ ಒಂದು ಸ್ಪ್ಯಾನರ್ ಮಾಡ್ತಾ ಇದ್ದೀವಿ,” ಅಂದಳು.

“ಇಲ್ಲಿ ನಮ್ಮನೆ ನಲ್ಲಿ ಒಂದು ತಿಂಗಳಿಂದ ಸೋರ್ತಾ ಅದೆ. ಮೊದ್ಲು ಅದಕ್ಕೊಂದು ಮಾಡಮ್ಮ,” ಅಂದೆ.

ಅವಳು ನಗಲಿಲ್ಲ. ಆಗ ಗೊತ್ತಾಯಿತು, ಇದು ಕೆಲಸದ ಮಾತು ಎಂದು.

ಅವಳು ಬಿಡಿಸಿ ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಮೇಲೆ, ನೌಕೆಯ ಹೊರಗೆ, ಸರಳು ಕೀಲುಗಳನ್ನು ಒಂದಕ್ಕೊಂದು ಜೋಡಿಸಿ ದೊಡ್ಡ ಚೌಕಟ್ಟು ಕಟ್ಟಬೇಕಾಗುತ್ತದೆ. ಅದಕ್ಕಿಂತ ಮೊದಲು ಜೋಡಿಸುವ ಹತಾರಗಳನ್ನೇ ಪರೀಕ್ಷೆ ಮಾಡಬೇಕು. ಏಕೆಂದರೆ ಅಲ್ಲಿ ಕಾಲಿಗೆ ನೆಲವಿಲ್ಲ. ನೀವು ಬೋಲ್ಟಿಗೆ ಸ್ಪ್ಯಾನರ್ ಕೊಟ್ಟು ತಿರುಗಿಸಿದರೆ ಬೋಲ್ಟು ಅಲ್ಲಾಡುವುದಿಲ್ಲ, ನೀವೇ ಗಿರ್ರನೆ ತಿರುಗುತ್ತೀರಿ. ಸಾಲದ್ದಕ್ಕೆ ಕೈಗವಸು. ಒಳಗೆ ಗಾಳಿ ತುಂಬಿರುವುದರಿಂದ ಪ್ರತಿ ಸಲ ಮುಷ್ಟಿ ಕಟ್ಟುವುದೂ ಒಂದು ಫುಟ್‌ಬಾಲನ್ನು ಹಿಂಡಿದ ಹಾಗೆ. ಅಂಥ ಕೈಗೆ ಒಪ್ಪುವ ಹತಾರ ಬೇಕು. ಇದನ್ನೆಲ್ಲ ಪರೀಕ್ಷೆ ಮಾಡಲು ದೊಡ್ಡ ದೊಡ್ಡ ಈಜುಕೊಳಗಳಿವೆ. ನೀರಿನಲ್ಲಿ ಮೈ ತೇಲುವುದು ಅಲ್ಲಿಯ ತೇಲುವಿಕೆಗೆ ಹತ್ತಿರ. ಆದರೆ ಅಲ್ಲಿಗೆ ಒಯ್ದು ನಗೆಪಾಟಲಾಗುವ ಮೊದಲು ನಾವೇ ಒಂದು ಸಲ ನೀರಿನಲ್ಲಿ ನೋಡಿಬಿಡೋಣ ಎಂದು ಇವಳ ಆಸೆ. ಅದಕ್ಕೆ ಬೇಕಾದದ್ದು ಆಳವಾದ, ತಿಳಿ ನೀರಿನ, ತೆರೆದ ಬಾವಿ.

ನಮ್ಮ ಕಡೆ ಬಾವಿಗೆ ಬರವಿಲ್ಲ, ಬಾವಿಯಲ್ಲಿ ನೀರಿಗೆ ಬರ. ಬೋರ್‌ವೆಲ್ ಬಂದಮೇಲೆ ಚಂದಕವಾಡಿಯಿಂದ ತೆರಕಣಾಂಬಿಯವರೆಗೆ ಎಲ್ಲ ಬಾವಿಗಳೂ ಕಸದ ಗುಂಡಿಯಾಗಿವೆ. ಅವಳಿಗೆ ಗೊತ್ತಿದ್ದ ಹಾಗೆ ನೀರಿದ್ದದ್ದು ಒಂದೇ ಬಾವಿ. ಉಮ್ಮತ್ತೂರಿನ ಹತ್ತಿರ, ಅವಳ ದೊಡ್ಡಪ್ಪ ಗುರುಮಲ್ಲಪ್ಪನವರ ಜಮೀನಿನಲ್ಲಿ. ಅದರಲ್ಲಿ ನಾಲ್ಕಾಳುದ್ದ ನೀರು ನಿಂತಿದ್ದಕ್ಕೆ ಕಾರಣವೂ ಇತ್ತು. ಎಂಟು ವರ್ಷದಿಂದ ಆ ಬಾವಿಗೆ ಮೋಟರು ಇಳಿಸಿರಲಿಲ್ಲ. ಅದಕ್ಕೆ ಎಂಟು ವರ್ಷ ಮೊದಲು ಮಮತಳ ಅಪ್ಪ ಶಿವಮಲ್ಲು ಸತ್ತದ್ದು ಅದರಲ್ಲೇ.

ನೀರಿನೊಳಗೆ ಪಂಪಿನ ಪೈಪಿನ ತುದಿಗಿರುವ ಫುಟ್‌ವಾಲ್ವಿಗೆ ಕಸ ಕಟ್ಟಿಕೊಂಡಿತ್ತು. ಅದನ್ನು ಬಿಚ್ಚಲು ಶಿವಮಲ್ಲು ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಸ್ಪ್ಯಾನರನ್ನು ಕೈಗೆ ಕುಣಿಕೆ ಹಾಕಿಕೊಂಡು ಮುಳುಗಿದ್ದ. ಹತ್ತಾರು ಸಲ ಮಾಡಿದ್ದ ಕೆಲಸ. ಮೇಲೆ ಹಗ್ಗ ಹಿಡಿದು ನಿಂತಿದ್ದವರು ಅಣ್ಣ ಗುರುಮಲ್ಲಪ್ಪ. ಹಗ್ಗ ಅಲುಗಲೇ ಇಲ್ಲ, ಅನುಮಾನ ಬಂದು ಎಳೆಯುವ ಹೊತ್ತಿಗೆ ಮುಗಿದುಹೋಗಿತ್ತು ಎಂದು ಅವರು ಊರಿಗೂ ಪೊಲೀಸರಿಗೂ ಹೇಳಿದ್ದರು. ಅಂದಿನಿಂದ ಅವರು ಹಗ್ಗವನ್ನು ಕೈಯಿಂದ ಮುಟ್ಟಿರಲಿಲ್ಲ. ಕರು ಕಟ್ಟುವುದಕ್ಕೂ ಹೆಂಡತಿಯನ್ನೇ ಕೂಗುತ್ತಿದ್ದರಂತೆ.

“ನಾನು ಕೇಳಿದ್ರೆ ದೊಡ್ಡಪ್ಪ ಎದ್ದು ಹೋಗ್ಬಿಡ್ತಾರೆ. ನೀವೊಂದು ಮಾತು ಕೇಳಿ ಸಾರ್,” ಅಂದಳು ಮಮತ.

ಹೋದೆ. ಚಾಮರಾಜನಗರಕ್ಕೆ ಒಂದು ಬಸ್ಸು, ಅಲ್ಲಿಂದ ಉಮ್ಮತ್ತೂರಿಗೆ ಇನ್ನೊಂದು. ಜಗಲಿಯ ಮೇಲೆ ಹಣೆ ತುಂಬ ವಿಭೂತಿ ಇಟ್ಟುಕೊಂಡು ಕೂತಿದ್ದ ಗುರುಮಲ್ಲಪ್ಪನವರು ನನಗಿಂತ ಎರಡು ಮೂರು ವರ್ಷ ದೊಡ್ಡವರು. ಮಾತು ಕಡಿಮೆ. ನಾನು ಹೇಳಿದ್ದನ್ನೆಲ್ಲ ಕೇಳಿ, “ಆ ಬಾವಿ ಮುಚ್ಚುಸ್ಬೇಕು ಅಂತ ಇವ್ನಿ ಮೇಷ್ಟ್ರೇ. ಮಣ್ಣು ಒಡಿಯಕ್ಕೆ ಟ್ರಾಕ್ಟ್ರೂ ಏಳಿವ್ನಿ,” ಅಂದರು.

ಮಮತ ಒಳಗಿಂದ ಮಜ್ಜಿಗೆ ತಂದವಳು ಅಲ್ಲೇ ನಿಂತಳು. “ದೊಡ್ಡಪ್ಪ, ಆ ಬಾವಿ ತೋಡಿದ್ದು ನೀವೂ ಅಪ್ಪನೂ. ಮುಚ್ಚುಸೋದಾದ್ರೆ ಮುಚ್ಚುಸಿ. ಮುಚ್ಚೋದ್ರೊಳಗೆ ನನ್ನ ಕೆಲ್ಸಕ್ಕೆ ಒಂದೇ ಒಂದು ದಿನ ಕೊಡಿ.”

ಅವರು ಬಹಳ ಹೊತ್ತು ಅವಳ ಕೈಯ ಗಡಿಯಾರವನ್ನೇ ನೋಡಿದರು. ಆಮೇಲೆ, “ಇಳಿಯವ್ನು ಯಾರು?” ಅಂದರು. ಹೇಳಿದೆವು. “ಸರಿ ಬುಡು. ಆದ್ರೆ ಅಗ್ಗ ನಾನೇ ಇಡಿಯದು ಕಣಮ್ಮಿ. ಬ್ಯಾರೆಯವ್ರ ಕೈಲಿ ಕೊಡಕಿಲ್ಲ.” ಇಷ್ಟು ಹೇಳುವಾಗ ಅವರ ಲೋಟದಿಂದ ಮಜ್ಜಿಗೆ ಚೆಲ್ಲಿ ಪಂಚೆಯ ಮೇಲೆ ಬಿತ್ತು. ಅದು ಅವರಿಗೆ ತಿಳಿಯಲೂ ಇಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಸಮಾಧಾನವಿರಲಿಲ್ಲ. ಎಂಟು ವರ್ಷ ಹಗ್ಗ ಮುಟ್ಟದ ಕೈಗೆ ಇನ್ನೊಬ್ಬನ ಜೀವ ಕಟ್ಟಿದ ಹಗ್ಗ ಕೊಡುವುದಕ್ಕೆ ಒಪ್ಪಿ ಬಂದಿದ್ದೆ.

ಇಳಿಯುವವನು ಬಿಜು. ಅವನ ತಾತನ ಕಾಲದಲ್ಲಿ ಶುಂಠಿ ಬೆಳೆಯಲು ವಯನಾಡಿನಿಂದ ಗುಂಡ್ಲುಪೇಟೆ ಕಡೆಗೆ ಬಂದ ಮನೆತನ. ನಾಲ್ಕೈದು ವರ್ಷ ಕರಾವಳಿಯ ಬಂದರಿನಲ್ಲಿ ಮುಳುಗುಗಾರನಾಗಿ ಕೆಲಸ ಮಾಡಿ, ಮದುವೆಯಾದ ಮೇಲೆ ಊರಿಗೆ ಬಂದು ಮಮತಳ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದ. ಬೆನ್ನಿಗೆ ಸಿಲಿಂಡರು, ಬಾಯಿಗೆ ಗಾಳಿಯ ಪೈಪು, ಎಲ್ಲ ಅವನದೇ ಸ್ವಂತದ್ದು.

ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಎಲ್ಲರೂ ಬಾವಿಯ ಹತ್ತಿರ ಸೇರಿದೆವು. ಸುತ್ತ ಸೊಂಟದೆತ್ತರದ ಅರಿಶಿನ. ಬಾವಿಯ ಕಟ್ಟೆಯ ಮೇಲೆ ಮೂರು ಕಂಬ ಕೂಡಿಸಿ, ನಡುವೆ ಚೈನ್‌ಪುಲ್ಲಿ ಹಾಕಿ, ಅದಕ್ಕೆ ಕಬ್ಬಿಣದ ಚೌಕಟ್ಟನ್ನು ನೇತುಹಾಕಿದ್ದರು. ಅದರಲ್ಲಿ ಆರು ಕೀಲು, ಆರು ಬೋಲ್ಟು. ಇಳಿಸುವ ಮೊದಲು ಮಮತ ಹೊಂಗೆ ಮರದ ನೆರಳಿನಲ್ಲಿ ಲ್ಯಾಪ್‌ಟಾಪ್ ತೆಗೆದು ಒಂದು ವಿಡಿಯೋ ತೋರಿಸಿದಳು. ನೌಕೆಯ ಹೊರಗೆ ಇಬ್ಬರು ಗಗನಯಾತ್ರಿಗಳು ಇದೇ ತರಹದ ಸರಳುಗಳನ್ನು ಜೋಡಿಸಿ ಹತಾರ ಪರೀಕ್ಷೆ ಮಾಡುತ್ತಿದ್ದರು. ಕೆಳಗೆ ಭೂಮಿ ತಿರುಗುತ್ತಿತ್ತು. ಪ್ರತಿ ಹತಾರಕ್ಕೂ ಒಂದು ದಾರ, ದಾರದ ತುದಿ ಮಣಿಕಟ್ಟಿಗೆ.

ಗುರುಮಲ್ಲಪ್ಪನವರು ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. “ಇದು ನಮ್ ಬಾವಿ ಕೆಲ್ಸನೇ ಕಣ! ಕಾಲ್ ಕೊಡಕ್ಕೆ ಗ್ವಾಡೆ ಒಂದಿಲ್ಲ ಅಷ್ಟೇಯ.” ಆಮೇಲೆ ಇನ್ನೂ ಬಗ್ಗಿ, “ಇವ್ರ ಅಗ್ಗ ಯಾರ ಕೈಲದೆ?” ಅಂದರು.

“ಯಾರ ಕೈಲೂ ಇಲ್ಲ ದೊಡ್ಡಪ್ಪ. ನೌಕೆಗೇ ಕೊಂಡಿ ಹಾಕಿರ್ತಾರೆ.”

“ಅಂದ್ರೆ ಎಳುದ್ರೆ ಯಾರ್‌ಗೂ ಗೊತ್ತಾಗಕಿಲ್ವಾ?”

“ಎಳಿಯೋದ್ಯಾಕೆ, ಮಾತಾಡ್ತಾರೆ. ಕಿವಿಲಿ ಮೈಕು ಇರುತ್ತೆ.”

ಅವರಿಗೆ ಅದು ಒಪ್ಪಿಗೆಯಾದಂತೆ ಕಾಣಲಿಲ್ಲ. ಬಿಜು ನಕ್ಕು, “ಅಣ್ಣಾ, ನನಗೆ ಮೈಕಿಲ್ಲ, ನೀವೇ ಇದ್ದೀರಿ. ನಾಲ್ಕು ಸಲ ಎಳೆದ್ರೆ ಮೇಲಕ್ಕೆ ಎತ್ತಿ. ಬಂದರಿನಲ್ಲಿ ನಮ್ಮ ಲೆಕ್ಕ ಅದು. ನಾಲ್ಕು!” ಎಂದು ನಾಲ್ಕು ಬೆರಳು ತೋರಿಸಿದ.

“ನಾಕು,” ಅಂದರು ಗುರುಮಲ್ಲಪ್ಪನವರು. ಆಮೇಲೆ, “ನಮ್ದು ಬ್ಯಾರೆ ಇತ್ತು,” ಎಂದು ಕನ್ನಡಕ ತೆಗೆದು ಜೇಬಿಗಿಟ್ಟರು. ಬೇರೆ ಏನು ಎಂದು ನಾವು ಯಾರೂ ಕೇಳಲಿಲ್ಲ. ಇದನ್ನು ನೀವು ಚೆನ್ನಾಗಿ ನೆನಪಿಟ್ಟುಕೊಳ್ಳಬೇಕು. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ.

ಬಿಜುವಿನ ಕೈಗೆ ಮೊದಲು ಬಟ್ಟೆಯ ಗವಸು, ಅದರ ಮೇಲೆ ರಬ್ಬರಿನದು, ಅದರ ಮೇಲೆ ವೆಲ್ಡಿಂಗಿನ ದಪ್ಪ ಚರ್ಮದ್ದು. ಗಗನಯಾತ್ರಿಯ ಕೈಯಂತೆ ಮೊದ್ದಾಗಬೇಕೆಂದು ಮಣಿಕಟ್ಟಿಗೆ ಟೇಪು ಸುತ್ತಿ ಬಿಗಿದೆವು. ಹತಾರಕ್ಕೆ ಥರ್ಮಾಕೋಲ್ ತುಂಡುಗಳನ್ನು ಕಟ್ಟಿ, ನೀರಿನಲ್ಲಿ ಮುಳುಗದೆ ತೇಲದೆ ನಿಂತಲ್ಲೇ ನಿಲ್ಲುವಂತೆ ಮಾಡಿದ್ದರು. ಅದಕ್ಕೊಂದು ಜೀರುಗುಣಿಕೆ, ಎಳೆದರೆ ಬಿಗಿಯುವಂಥದು, ನಾನೇ ಹಾಕಿದೆ, ಗವಸಿನ ಕೈ ಸಲೀಸಾಗಿ ತೂರುವಷ್ಟು ದೊಡ್ಡದು. ಅದರಿಂದ ಒಂದು ತೆಳು ನೈಲಾನ್ ಹಗ್ಗ ಮೇಲಕ್ಕೆ ಬರುತ್ತಿತ್ತು. ಇದ್ದದ್ದು ಒಂದೇ ಹತಾರ, ಕೆಸರಿಗೆ ಬಿದ್ದರೆ ಮಮತಳ ಒಂದು ವರ್ಷದ ಕೆಲಸ ಹೋದ ಹಾಗೆ. ಆ ಹತಾರದ ಹಗ್ಗ ನನ್ನ ಕೈಯಲ್ಲಿ. “ಬಿಗಿ ಹಿಡೀಬೇಡಿ ಸಾರ್, ಅವನು ಕೇಳಿದಷ್ಟು ಬಿಡ್ತಾ ಇರಿ,” ಅಂದಿದ್ದಳು ಮಮತ. ಬಿಜುವಿನ ಬೆನ್ನಪಟ್ಟಿಗೆ ಕಟ್ಟಿದ ದಪ್ಪ ಹಗ್ಗ ಗುರುಮಲ್ಲಪ್ಪನವರ ಕೈಯಲ್ಲಿ. ಅವರು ಮನೆದೇವರನ್ನು ನೆನೆದು “ಮಾದಪ್ಪಾ” ಅಂದು ಅದನ್ನು ಹಿಡಿದಾಗ ಗೆಣ್ಣುಗಳು ಬೆಳ್ಳಗಾಗಿದ್ದವು.

ಬಿಜು ಇಳಿದ. ಮೊದಲ ಕಾಲು ಗಂಟೆ ಎಲ್ಲ ಸರಿಯಾಗಿತ್ತು. ನೀರು ತಿಳಿಯಾಗಿದ್ದರಿಂದ ಎರಡಾಳು ಕೆಳಗೆ ಅವನ ಆಕಾರ ಮಸುಕಾಗಿ ಕಾಣುತ್ತಿತ್ತು. ಹತಾರ ತಿರುಗಿಸಿದಾಗ ಅವನೇ ಒಂದು ಸುತ್ತು ತಿರುಗಿದ್ದು ನೋಡಿ ನಾವು ನಕ್ಕೆವು. ಮಮತ ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದಳು. ಒಂದನೆಯ ಬೋಲ್ಟು, ಎರಡನೆಯದು, ಹೀಗೆ ನಾಲ್ಕನೆಯದರವರೆಗೆ. ಆಮೇಲೆ ಗೋಡೆಯ ಪಾಚಿ ಕದಡಿ ನೀರು ಮಬ್ಬಾಯಿತು. ಗುಳ್ಳೆಗಳು ಮಾತ್ರ ಬರುತ್ತಿದ್ದವು. ಸ್ವಲ್ಪ ಹೊತ್ತಿಗೆ ಇನ್ನೂ ಜೋರಾಗಿ, ಅನ್ನ ಕುದಿಯುವ ಹಾಗೆ ಬಂದವು. “ಬಿಜು ಜೋರಾಗೇ ಕೆಲ್ಸ ಮಾಡ್ತಾವ್ನೆ,” ಅಂದೆ.

ಆಗ ನನ್ನ ಕೈಯ ಹಗ್ಗ ಎಳೆಯಿತು.

ಉದ್ದಕ್ಕೆ, ನಿಧಾನವಾಗಿ, ಯಾರೋ ಬೆರಳು ಹಿಡಿದು ಕರೆದೊಯ್ಯುವ ಹಾಗೆ. ಮಮತ ಹೇಳಿದ್ದಂತೆ ನಾನು ಒಂದು ಮೊಳ ಬಿಟ್ಟೆ. ಬಿಟ್ಟದ್ದೇ ತಡ, ಗಿಡ್ಡಕ್ಕೆ ಒಂದು ಜಗ್ಗು. ಕೂಡಲೇ ಇನ್ನೊಂದು. ಆಮೇಲೆ ಏನೂ ಇಲ್ಲ. ಮೀನಿನ ಕಚ್ಚಾಟ ನನಗೆ ಗೊತ್ತು, ಚಿಕ್ಕಂದಿನಲ್ಲಿ ಕೆರೆಯಲ್ಲಿ ಗಾಳ ಹಾಕಿದವನು. ಇದು ಹಾಗಿರಲಿಲ್ಲ. ಅಳೆದು ಎಳೆದ ಎಳೆತ.

ಹೆದರಿಕೆಯೇನೂ ಆಗಲಿಲ್ಲ. ತಮಾಷೆಗೆಂದೇ ಅಂದೆ: “ಗುರುಮಲ್ಲಪ್ಪನೋರೇ, ನಿಮ್ ಬಾವಿಲಿ ಯಾರೋ ನನ್ನನ್ನ ಮಾತಾಡುಸ್ತಾವ್ರೆ. ಉದ್ದಕ್ಕೆ ಒಂದ್ಸಲ ಎಳುದ್ರು, ಗಿಡ್ಡಕ್ಕೆ ಎರಡ್ಸಲ.”

ಅವರು ನನ್ನ ಮುಖ ನೋಡಿದರು. ಆ ನೋಟವನ್ನು ನಾನು ವರ್ಣಿಸಲಾರೆ. ಮರುಕ್ಷಣ ಕಾಲನ್ನು ಕಟ್ಟೆಯ ಕಲ್ಲಿಗೆ ಒತ್ತುಕೊಟ್ಟು, ಎರಡು ಕೈಯಿಂದ ಬಿಜುವಿನ ಹಗ್ಗವನ್ನು ಎಳೆಯತೊಡಗಿದರು.

“ದೊಡ್ಡಪ್ಪ! ನಾಲ್ಕು ಸಲ ಬಂದಿಲ್ವಲ್ಲಾ! ಬಿಡಿ, ಟೆಸ್ಟ್ ಹಾಳಾಗುತ್ತೆ!” ಮಮತ ಓಡಿಬಂದಳು.

“ಇಡ್ಕಳಮ್ಮಿ! ಇಡ್ಕೊ! ಮೇಷ್ಟ್ರೇ, ಬನ್ನಿ!”

ನಾನು ನನ್ನ ಹಗ್ಗವನ್ನು ಕಂಬಕ್ಕೆ ಸುತ್ತಿ ಓಡಿದೆ. ಮೂವರೂ ಸೇರಿ ಎಳೆದೆವು. ಒಂದು ಕಡೆ ಗಟ್ಟಿಯಾಗಿ ಕಚ್ಚಿಕೊಂಡಿತು. ಗುರುಮಲ್ಲಪ್ಪನವರು ಬಾಯಲ್ಲಿ ಏನೇನೋ ಅನ್ನುತ್ತಿದ್ದರು, ಅದರಲ್ಲಿ ನನಗೆ ಕೇಳಿಸಿದ್ದು “ಈ ಸಲ ಬುಡಕಿಲ್ಲ ಕಣ್ಲಾ, ಬುಡಕಿಲ್ಲ” ಎಂಬುದೊಂದೇ. ಆಮೇಲೆ ಏನೋ ಬಿಟ್ಟುಕೊಂಡಿತು. ಬಿಜು ಮೇಲೆ ಬಂದ. ಬಾಯಲ್ಲಿ ಪೈಪಿರಲಿಲ್ಲ. ತುಟಿ ನೀಲಿ. ಕಟ್ಟೆಯ ಮೇಲೆ ಮಗುಚಿ ಮಲಗಿಸಿ ಬೆನ್ನು ಒತ್ತಿದಾಗ ನೀರು ಕಾರಿ, ಕೆಮ್ಮಿ, ಕೊನೆಗೆ ಉಸಿರು ತೆಗೆದುಕೊಂಡ. ತೊಡೆಯ ಚರ್ಮ ಒಂದು ಗೇಣು ಸುಲಿದಿತ್ತು. ಮಮತಳೂ ಗುರುಮಲ್ಲಪ್ಪನವರೂ ಅವನನ್ನು ಚಾಮರಾಜನಗರದ ಆಸ್ಪತ್ರೆಗೆ ಒಯ್ದರು, ಹಿಂದಿನಿಂದ ನಾನೂ ಹೋದೆ. ಸಂಜೆಯ ಹೊತ್ತಿಗೆ ಎದ್ದು ಕೂತು ಚಹಾ ಕೇಳಿದ.

ಆದದ್ದು ಇಷ್ಟು. ಮೇಲಿನ ಮೂರು ಕಂಬಗಳಲ್ಲಿ ಒಂದು ಒಂದೆರಡು ಅಂಗುಲ ಜರುಗಿತ್ತು. ನಾವು ಗುಳ್ಳೆ ನೋಡುತ್ತಾ ಗಮನಿಸಿರಲಿಲ್ಲ. ಚೌಕಟ್ಟು ವಾಲಿ ಬಿಜುವನ್ನು ಗೋಡೆಗೆ ಒತ್ತಿತು, ಗಾಳಿಯ ಪೈಪು ಅದರ ನಡುವೆ ಸಿಕ್ಕಿ ಸೀಳಿತು. ನಾವು ಕೆಲಸದ ಗುಳ್ಳೆ ಎಂದುಕೊಂಡದ್ದು ಅವನ ಪಾಲಿನ ಉಸಿರು. ಹಗ್ಗ ಎಳೆಯೋಣವೆಂದರೆ ಅದು ಬೆನ್ನ ಹಿಂದೆ. ಮೂರು ಪದರದ ಗವಸಿನ ಕೈಗೆ ಅದು ಹಗ್ಗವೋ ಪಾಚಿಯೋ ತಿಳಿಯಲಿಲ್ಲ, ಟೇಪು ಬಿಗಿದಿದ್ದರಿಂದ ಗವಸು ಬಿಚ್ಚಲೂ ಆಗಲಿಲ್ಲ. ಬೋಲ್ಟು ತಿರುಗಿಸುವುದು ಕಷ್ಟವಾಗಬೇಕೆಂದು ನಾವೇ ಅವನ ಕೈಗಳನ್ನು ಮೊದ್ದು ಮಾಡಿದ್ದೆವು. ಅದೇ ಕೈಯಿಂದ ಅವನು ಪ್ರಾಣಕ್ಕೂ ಹಗ್ಗ ಎಳೆಯಬೇಕಾದೀತು ಎಂಬುದು ಮೇಷ್ಟ್ರಾದ ನನಗೂ ಹೊಳೆದಿರಲಿಲ್ಲ.

“ನೀನು ಹತಾರದ ಹಗ್ಗ ಎಳೆದೆಯಲ್ಲ, ಅದೇ ಒಳ್ಳೇದಾಯ್ತು,” ಅಂದೆ ಬಿಜುವಿಗೆ.

“ಯಾವ ಹಗ್ಗ ಸಾರ್? ಟೂಲು ನನ್ನ ಕೈಲಿ ಇರಲೇ ಇಲ್ಲ. ನಾಲ್ಕನೇ ಬೋಲ್ಟ್ ಆದಮೇಲೆ ಕುಣಿಕೆ ಜಾರಿ ಹೋಯ್ತು. ಅದನ್ನ ಹುಡುಕೋಕೆ ತಿರುಗಿದಾಗಲೇ ಫ್ರೇಮು ಬಂದು ಒತ್ತಿದ್ದು.”

ಚೌಕಟ್ಟಿಗೆ ಒಂದು ಸಣ್ಣ ಕ್ಯಾಮೆರಾ ಕಟ್ಟಿದ್ದರು. ಅದರಲ್ಲೂ ಹಾಗೆಯೇ ಇದೆ. ಗವಸಿನಿಂದ ಕುಣಿಕೆ ಕಳಚುತ್ತದೆ, ಹತಾರ ಮೆಲ್ಲಗೆ ತೇಲಿಕೊಂಡು ಚೌಕಟ್ಟಿನ ಆಚೆ ಹೋಗುತ್ತದೆ. ಆಮೇಲೆ ಕ್ಯಾಮೆರಾ ವಾಲಿ ಗೋಡೆಗೆ ತಿರುಗುತ್ತದೆ, ಮುಂದೆ ಬರೀ ಕೆಸರು.

ಗುರುಮಲ್ಲಪ್ಪನವರು ಮಾತನಾಡಿದ್ದು ಅಂದು ಸಂಜೆ, ಆಸ್ಪತ್ರೆಯ ಎದುರಿನ ಬೇಕರಿಯ ಬೆಂಚಿನ ಮೇಲೆ. ಮಮತ ಔಷಧಿ ತರಲು ಹೋಗಿದ್ದಳು.

“ಉದ್ದಕ್ ಒಂದ್ಸಲ ಎಳುದ್ರೆ ಅಗ್ಗ ಬುಡು ಅಂತ. ಗಿಡ್ಡಕ್ ಎರಡ್ಸಲ ಎಳುದ್ರೆ ಮ್ಯಾಕ್ಕೆ ಎಳ್ಕೊ ಅಂತ. ನಾನೂ ಸಿವಮಲ್ಲೂ ಮಾಡ್ಕಂಡಿದ್ ಲೆಕ್ಕ ಮೇಷ್ಟ್ರೇ. ಮೂರ್ನೆಯವ್ರಿಗೆ ಗೊತ್ತಿಲ್ಲ.” ಅವರು ಅಂಗೈ ನೋಡಿಕೊಂಡರು. ಹಗ್ಗ ಉಜ್ಜಿ ರಕ್ತ ಒಸರಿತ್ತು. “ಅಗ್ಗ ಅಲುಗ್ನಿಲ್ಲ ಅಂತ ಊರಿಗೆಲ್ಲಾ ಏಳ್ಬುಟ್ಟಿವ್ನಿ. ಸುಳ್ಳು. ಅವತ್ತು ಉದ್ದಕ್ ಒಂದ್ಸಲ ಬಂತು, ಬುಟ್ಟೆ. ಬುಟ್ಟ ಮ್ಯಾಲೆ ಅಗ್ಗ ಸಡ್ಲ ಆಗೋಯ್ತಲ್ಲ, ಗಿಡ್ಡದ್ದು ಎರಡು ಬಂದದ್ದು ಸರ್ಯಾಗಿ ತಿಳಿನಿಲ್ಲ. ಇನ್ನೂ ಕೇಳ್ತಾವ್ನೆ ಅಂದ್ಕಂಡು ಇನ್ನೂ ಬುಟ್ಟೆ. ನಾ ಬುಟ್ಟ ಅಗ್ಗನೇ ಪೈಪಿಗೆ ಸುತ್ಕಂಡು ಅವ್ನ ಕಾಲ್‌ಗೆ ಬಿತ್ತು.”

ಅಂಗೈಗೆ ಸುತ್ತಿಕೊಳ್ಳಲೆಂದು ನನ್ನ ಕರ್ಚೀಫು ಕೊಟ್ಟೆ. ಅವರು ಮತ್ತೆ ಕೇಳಿದರು, “ನಿಜವಾಗ್ಲೂ ಎಳೀತಾ ಮೇಷ್ಟ್ರೇ? ಯಾರ್ ತಾವನಾರಾ ಕೇಳ್ಕಂಡು ನನ್ನ ಸಮಾದಾನಕ್ಕೆ ಅಂದ್ರಾ?”

“ಎಳೆದದ್ದು ನಿಜ. ಯಾರು ಅಂತ ನಾನು ಹೇಳಲಾರೆ,” ಅಂದೆ.

“ಅಷ್ಟು ಸಾಕು ಬುಡಿ,” ಅಂದರು.

ಅವರಿಗೆ ಸಾಕಾಯಿತು, ನನಗೆ ಸಾಕಾಗಲಿಲ್ಲ. ಅಂದಿನಿಂದ ಎಷ್ಟು ಲೆಕ್ಕ ಹಾಕಿದ್ದೇನೆ! ಚೌಕಟ್ಟು ವಾಲಿದಾಗ ನನ್ನ ಹಗ್ಗಕ್ಕೆ ತಗುಲಿ ಉದ್ದಕ್ಕೆ ಎಳೆದಿರಬಹುದು. ಅಲ್ಲಾಡಿ ಎರಡು ಸಲ ಜಗ್ಗಿರಬಹುದು. ಬಿಜುವಿನ ಕಾಲು ಒದ್ದಾಡುವಾಗ ಸಿಕ್ಕಿರಬಹುದು. ಇವೆಲ್ಲ ಆಗಬಹುದಾದ ಮಾತು. ಆದರೆ ಒಂದು ಉದ್ದ, ಎರಡು ಗಿಡ್ಡ ಎಂದು ಅಷ್ಟು ಬಿಡಿಬಿಡಿಯಾಗಿ, ಅದೇ ಹೊತ್ತಿಗೆ, ಅದೇ ಬಾವಿಯಲ್ಲಿ? ಯೋಚಿಸುತ್ತಾ ಕೂತರೆ ಅಂಗೈ ಜುಮ್ಮೆನ್ನುತ್ತದೆ. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿದು ನಿಂತಾಗಲೂ ಎಳೆತಕ್ಕೆ ಕಾಯುತ್ತಿರುತ್ತೇನೆ.

ಗುರುಮಲ್ಲಪ್ಪನವರು ವಾರದೊಳಗೆ ಮಮತಳಿಗೂ ಅವಳ ತಾಯಿಗೂ ಎಲ್ಲವನ್ನೂ ಹೇಳಿದರು. ಮಮತ ಎರಡು ತಿಂಗಳು ಆ ಮನೆಗೆ ಹೋಗಲಿಲ್ಲ. ಆಮೇಲೆ ಹೋದಳು. ಅಲ್ಲಿ ಏನು ಮಾತಾಯಿತು ಎಂದು ನಾನು ಕೇಳಿಲ್ಲ. ಬಾವಿ ಮುಚ್ಚಿಸಲಿಲ್ಲ. ಈಗ ಕರು ಕಟ್ಟುವುದು ಅವರೇ. ಮುಳುಗುವವನ ಹಗ್ಗಕ್ಕೆ ಈಗ ಎದೆಯ ಮುಂದೆ ಒಂದು ದೊಡ್ಡ ಬಳೆ ಇದೆ, ಎಂಥ ಗವಸಿನ ಕೈಗೂ ಸಿಗುವಂಥದು. ಮಮತ ಮಾಡಿದ್ದು.

ಇನ್ನೊಂದು ಮಾತು ಉಳಿದಿದೆ. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ. ಬಿಜುವನ್ನು ಆಸ್ಪತ್ರೆಗೆ ಕಳಿಸಿ, ಸಾಮಾನು ಎತ್ತಿಡಲು ಹಿಂದೆ ಉಳಿದವನು ನಾನು. ಕಂಬಕ್ಕೆ ಸುತ್ತಿದ್ದ ಹಗ್ಗ ಬಿಚ್ಚಿ ಹತಾರವನ್ನು ಮೇಲೆ ಎಳೆದೆ. ನಾನು ಹಾಕಿದ್ದು ಜೀರುಗುಣಿಕೆ. ಅದರೊಳಗೆ ಏನೂ ಇಲ್ಲದೆ ಎಳೆದರೆ ಪೂರ್ತಿ ಜೀರಿ ಗಂಟಾಗಿಬಿಡಬೇಕು. ಎಳೆಯದಿದ್ದರೆ ನಾನು ಬಿಟ್ಟಷ್ಟು ಅಗಲ ಹಾಗೇ ಇರಬೇಕು. ಇದು ಎರಡೂ ಆಗಿರಲಿಲ್ಲ. ಗವಸಿಲ್ಲದ ಒಂದು ಬರಿಗೈಯ ಮಣಿಕಟ್ಟಿನಷ್ಟಕ್ಕೆ ಬಿಗಿದು ನಿಂತಿತ್ತು, ದುಂಡಗೆ. ನೆನೆದ ನೈಲಾನು, ಗಂಟು ಅರ್ಧದಲ್ಲಿ ಕಚ್ಚಿಕೊಂಡಿರಬಹುದು. ಇರಬಹುದು. ಆ ಕುಣಿಕೆಯನ್ನು ಗಂಟು ಅಲುಗದಂತೆ ಕತ್ತರಿಸಿ, ಜೇಬಿಗೆ ಹಾಕಿಕೊಂಡು ಬಂದೆ. ಹತಾರಕ್ಕೆ ಬೇರೆ ಕುಣಿಕೆ ಹಾಕಿ ಕೊಟ್ಟೆ.

ಮೊನ್ನೆ ಗುರುಮಲ್ಲಪ್ಪನವರು ಯಾವುದೋ ಮದುವೆಗೆಂದು ಗುಂಡ್ಲುಪೇಟೆಗೆ ಬಂದವರು ಮಮತಳ ಜೊತೆ ನಮ್ಮ ಮನೆಗೂ ಬಂದಿದ್ದರು. ಅಂದು ಸಂಜೆ ಯಾವುದೋ ದೇಶದ ಇಬ್ಬರು ಗಗನಯಾತ್ರಿಗಳು ನೌಕೆಯ ಹೊರಗೆ ಹೊಸ ಜೋಡಣೆಯ ಹತಾರಗಳನ್ನು ಪರೀಕ್ಷೆ ಮಾಡುವುದನ್ನು ನೇರವಾಗಿ ತೋರಿಸುತ್ತಿದ್ದರು. ಮಮತ ಫೋನನ್ನು ನಮ್ಮ ಟಿವಿಗೆ ಜೋಡಿಸಿದಳು. ಅವಳು ಹತಾರಗಳನ್ನು ನೋಡುತ್ತಾ ಗಡಿಯಾರ ನೋಡಿ ಏನೋ ಬರೆದುಕೊಳ್ಳುತ್ತಿದ್ದಳು. ಗುರುಮಲ್ಲಪ್ಪನವರು ನೋಡುತ್ತಿದ್ದದ್ದು ಹಗ್ಗವನ್ನು. ಮದುವೆಗೆ ಹೊತ್ತಾಯಿತೆಂದು ಎರಡು ಸಲ ಫೋನು ಬಂದರೂ ಏಳಲಿಲ್ಲ. ಬಲಗೈ ಮುಷ್ಟಿ ಕಟ್ಟಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು.

“ಒಳಿಕ್ ಓದ್ರಾ?” ಅಂತ ಕೇಳಿದರು.

“ಒಬ್ಬರು ಹೋದ್ರು ದೊಡ್ಡಪ್ಪ. ಇನ್ನೊಬ್ಬರು ಹೋಗ್ತಾ ಇದ್ದಾರೆ.”

“ಇಬ್ರೂ ಓಗ್ಲಿ.”

ಇಬ್ಬರೂ ಒಳಗೆ ಹೋಗಿ ಬಾಗಿಲು ಮುಚ್ಚಿದ ಮೇಲೆ ಅವರ ಮುಷ್ಟಿ ಬಿಚ್ಚಿತು. “ಮದ್ವೆಗೋಗನ ನಡಿ ಕಣಮ್ಮಿ,” ಎಂದು ಎದ್ದರು.

ಮುಖ ತೊಳೆಯಲು ಹೋಗುವಾಗ ಮಮತ ಗಡಿಯಾರ ಬಿಚ್ಚಿ ಮೇಜಿನ ಮೇಲೆ ಇಟ್ಟಳು. ಪಟ್ಟಿಯಲ್ಲಿ ಅವಳ ಅಪ್ಪನ ಹಿಗ್ಗಿದ ತೂತು ಎದುರಿಗೇ ಕಾಣುತ್ತಿತ್ತು. ಆ ತೂತಿಗೆ ಪಟ್ಟಿ ಸಿಕ್ಕಿಸಿದರೆ ಅವನ ಮಣಿಕಟ್ಟಿನ ಸುತ್ತಳತೆ. ಆ ಮೇಜಿನ ಡ್ರಾಯರಿನಲ್ಲೇ, ನನ್ನ ಹಳೆಯ ಕ್ಯಾಲಿಪರಿನ ಪಕ್ಕದಲ್ಲಿ, ಆ ಕುಣಿಕೆ ಇದೆ. ಎರಡನ್ನೂ ಒಂದರ ಮೇಲೊಂದು ಇಟ್ಟು ನೋಡಲು ಅರ್ಧ ನಿಮಿಷ ಸಾಕಿತ್ತು. ಬಚ್ಚಲಲ್ಲಿ ನೀರಿನ ಸದ್ದು ನಿಲ್ಲುವವರೆಗೂ ಡ್ರಾಯರಿನ ಹಿಡಿಯ ಮೇಲೆ ಕೈಯಿಟ್ಟು ನಿಂತಿದ್ದೆ.

ಮೂವತ್ತು ವರ್ಷ ಮಕ್ಕಳಿಗೆ ಅಳೆಯಿರಿ, ಅಳೆಯಿರಿ ಎಂದು ಹೇಳಿದವನು ನಾನು. ಅಳೆಯಲಿಲ್ಲ.